ನಾಗಶ್ರೀಯ ಗುಟ್ಟು ಹೊರಬಿದ್ದ ಬಾಗಿಲು

ಒಂದಾನೊಂದು ಊರಿನಲ್ಲಿ ಒಬ್ಬಳು ಹೆಂಗಸಿದ್ದಳಂತೆ. ತನ್ನ ಗುಟ್ಟನ್ನೆಲ್ಲ ಒಂದು ಕುಡಿಕೆಯಲ್ಲಿ ತುಂಬಿಟ್ಟು, ಬಾಗಿಲಿಗೆ ಏಳು ಬೀಗ ಜಡಿದು, ಏಳು ಕೀಲಿಕೈಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಸಂತೆಗೆ ಹೋದಳಂತೆ. ತಿರುಗಿ ಬಂದು ನೋಡಿದರೆ ಬೀಗಗಳೆಲ್ಲ ಹಾಗೇ ಇದ್ದವು, ಕುಡಿಕೆ ಮಾತ್ರ ಬರಿದು. ಕಳ್ಳ ಎಲ್ಲಿಂದ ಬಂದ ಎಂದು ದಿವ್ಯ ಕೇಳಿದಾಗಲೆಲ್ಲ ಹನೂರಿನ ಅವಳಜ್ಜಿ, "ಬೀಗ ಆಕ್ದೋಳ್ನೇ ಕೇಳವ್ವ" ಎಂದು ಮಗ್ಗುಲಾಗಿ ನಿದ್ದೆ ಹೋಗುತ್ತಿದ್ದಳು.

ಆ ಕತೆ ದಿವ್ಯಳಿಗೆ ನೆನಪಾದದ್ದು ಕೊಳ್ಳೇಗಾಲದಲ್ಲಿ, ಒಂದು ಶುಕ್ರವಾರ ಮಧ್ಯಾಹ್ನ, ಅವಳ ಸಹಪಾಠಿ ನಾಗಶ್ರೀ ಚಪ್ಪಲಿಯನ್ನೂ ಬಿಡದೆ ಚನ್ನಾಜಮ್ಮನ ಜಗಲಿ ಹತ್ತಿ ಬಂದಾಗ.

ಎಪ್ಪತ್ತು ದಾಟಿದ ಚನ್ನಾಜಮ್ಮ ಒಂದು ಕಾಲಕ್ಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸಿಕೊಡುತ್ತಿದ್ದವಳು. ಊರಿನ ಗುಟ್ಟೆಲ್ಲ ಕಿವಿಗೆ ಬಿದ್ದರೂ ಒಂದನ್ನೂ ನಾಲಗೆಗೆ ತಂದವಳಲ್ಲ. ಅದಕ್ಕೇ ಏನು ಕಳೆದರೂ ಬೀದಿಯವರು ಠಾಣೆಗಿಂತ ಮೊದಲು ಅವಳ ಜಗಲಿಗೆ ಬರುತ್ತಿದ್ದರು. ಅವಳ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದವರು ದಿವ್ಯ ಮತ್ತು ರಾಮಾಪುರದ ದೀಪ. ಆ ಹೊತ್ತಿಗೆ ದೀಪ ಮೇಲೆ ಬಟ್ಟೆಬರೆ ಬ್ಯಾಗಿಗೆ ತುರುಕುತ್ತಿದ್ದಳು. ನಾಲ್ಕು ಗಂಟೆಯ ಬಸ್ಸಿಗೆ ಊರಿಗೆ ಹೊರಟವಳು, ಪರೀಕ್ಷೆಗೂ ವಾಪಸು ಬರುವುದಿಲ್ಲ ಎಂದುಬಿಟ್ಟಿದ್ದಳು.

ನಡೆದದ್ದಿಷ್ಟು. ಯಳಂದೂರಿನಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ನಾಗಶ್ರೀ, ಬುಧವಾರ ಸಂಜೆ ತನ್ನ ಕಾಯಿಲೆಯ ವಿಷಯವನ್ನು ಗೆಳತಿ ದೀಪಳೊಬ್ಬಳಿಗೇ ಮೆಸೇಜಿನಲ್ಲಿ ತೋಡಿಕೊಂಡಿದ್ದಳು. ಗುರುವಾರ ಬೆಳಗ್ಗೆ ಯಾವುದೋ ಗೊತ್ತಿಲ್ಲದ ನಂಬರು, ಅರವತ್ತೆರಡು ಜನರ ಕ್ಲಾಸ್ ಗ್ರೂಪಿಗೆ ಲಿಂಕ್ ಹಿಡಿದು ಬಂದು, ಅದೇ ಮೆಸೇಜಿನ ಚಿತ್ರ ಹಾಕಿ, ಹೊರಟುಹೋಗಿತ್ತು. ಕಾಯಿಲೆಯ ನೆಪದಲ್ಲಿ ಮಧ್ಯಾಹ್ನದೊಳಗೆ ಪಾಲಾರಿನ ಎನ್‌ಎಸ್‌ಎಸ್ ಶಿಬಿರದ ನಾಯಕತ್ವ ನಾಗಶ್ರೀಯ ಕೈತಪ್ಪಿ, ಪಟ್ಟಿಯಲ್ಲಿ ಎರಡನೆಯವನಾಗಿದ್ದ ಅದೇ ಕ್ಲಾಸಿನ ಗುರುಪ್ರಕಾಶನ ಪಾಲಾಯಿತು. ಉರಿದುಹೋದ ನಾಗಶ್ರೀ, ಇದು ದೀಪಳದೇ ಕೆಲಸ ಎಂದು ಅದೇ ಗ್ರೂಪಿನಲ್ಲಿ ಬರೆದಳು.

"ಇದು ಗೊತ್ತಿದ್ದದ್ದು ನಮ್ಮನೆಯವ್ರು ಬಿಟ್ರೆ ಅವ್ಳಿಗೇ ಅಜ್ಜಿ. ನನ್ ಫೋನಿಗೆ ಬೆರಳಚ್ಚು, ಆ್ಯಪಿಗೆ ಬೇರೆ ನಂಬರ್ ಲಾಕು. ಯಾರ ಕೈಗೂ ಕೊಡಲ್ಲ. ಇನ್ಯಾರು ಕಳಿಸ್ತಾರೆ?"

"ನಾಕ್ ಗಂಟೆ ಒಳ್ಗೆ ಯೋಳ್ತೀನಿ ಕೂಸೆ," ಎಂದಳು ಚನ್ನಾಜಮ್ಮ. "ಆದ್ರೆ ದೀಪ ಅಲ್ಲ ಅಂತಾದ್ರೆ, ಎಲ್ಲಿ ಅಂದ್ಯೋ ಅಲ್ಲೇ ಆ ಮಾತ ವಾಪಸ್ ತಕಬೇಕು. ಒಪ್ಗೆನಾ?"

ನಾಗಶ್ರೀ ತಲೆಯಾಡಿಸಿದಳು.

ಚನ್ನಾಜಮ್ಮ ಕನ್ನಡಕ ಏರಿಸಿ ಚಿತ್ರ ನೋಡಿದಳು. ಬಲಗಡೆ ಹಸಿರು ಚೌಕದಲ್ಲಿ ಎರಡೇ ಸಾಲು: "ನಂಗೆ ಫಿಟ್ಸ್ ಬರ್ತದೆ ಕಣೆ. ಯಾರ್ಗೂ ಹೇಳ್ಬೇಡ." ಎಡಗಡೆ ಬಿಳಿ ಚೌಕದಲ್ಲಿ ದೀಪಳ ಉತ್ತರ: "ಇಲ್ಲ ಕಣೆ." ಮೇಲೂ ಕೆಳಗೂ ಕತ್ತರಿಸಿದ್ದರು. ಆಮೇಲೆ ದಿವ್ಯಳ ಫೋನ್ ಇಸಿದುಕೊಂಡು, ಅವಳು ತನ್ನ ಅಣ್ಣನಿಗೆ ಬರೆದದ್ದನ್ನು ಬಹಳ ಹೊತ್ತು ದಿಟ್ಟಿಸಿದಳು. ಬುಧವಾರ ಏನೇನು ಮಾಡಿದೆ ಎಂದು ಕೇಳಿದ್ದಕ್ಕೆ ನಾಗಶ್ರೀ, ಕ್ಲಾಸು, ಊಟ, ಬಸ್ ನಿಲ್ದಾಣದ ಬಳಿಯ ಶಿವರಾಜುವಿನ ಜೆರಾಕ್ಸ್ ಅಂಗಡಿಯಲ್ಲಿ ಆ್ಯಪಿನಿಂದ ರೆಕಾರ್ಡ್ ಪ್ರಿಂಟು, ಅಷ್ಟರಲ್ಲಿ ಬಸ್ ಬಂತೆಂದು ಓಡಿದ್ದು, ಬಸ್ಸಲ್ಲಿ ಕೂತು ದೀಪಳಿಗೆ ಬರೆದದ್ದು, ಎಲ್ಲ ಹೇಳಿದಳು.

ಅಷ್ಟರಲ್ಲಿ ಮನೆ ಮುಂದೆ ಬೈಕ್ ನಿಂತಿತು. ಗುರುಪ್ರಕಾಶ ಸಮಾಧಾನ ಹೇಳಲು ಬಂದಿದ್ದ. "ಕಾಮಗೆರೆ ಆಸ್ಪತ್ರೆ ಮಾತ್ರೆ ಬುಡ್ದೆ ತಕೊ ನಾಗಶ್ರೀ, ವಾಸಿ ಆಯ್ತದೆ. ಶಿಬಿರ ಮುಂದಿನ್ ವರ್ಸನೂ ಇರ್ತದಲ್ಲ."

"ಒಳ್ಳೆ ಮನ್ಸು ಕಣಪ್ಪ ನಿಂದು. ಕೂತ್ಕೊ, ಕಾಪಿ ಕುಡ್ದೋಗು," ಎಂದ ಚನ್ನಾಜಮ್ಮ, ಶಿವರಾಜುವನ್ನು ಕರೆತರುವಂತೆ ದಿವ್ಯಳ ಕಿವಿಯಲ್ಲಿ ಉಸುರಿದಳು.

ಮೂರೂವರೆಯ ಬಿಸಿಲು. ದಿವ್ಯ ಅರ್ಧ ನಡೆದು ಅರ್ಧ ಓಡಿದಳು. ಶಿವರಾಜು ಇನ್ನೊಂದು ಪ್ರಿಂಟು, ಇನ್ನೊಂದು ಪ್ರಿಂಟು ಎನ್ನುತ್ತಿದ್ದರೆ ಅವಳ ಕಣ್ಣು ಗೋಡೆ ಗಡಿಯಾರ ಬಿಟ್ಟು ಕದಲಲಿಲ್ಲ. ಇಬ್ಬರೂ ಜಗಲಿಗೆ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷ. ದೀಪ ಬ್ಯಾಗ್ ಹೊತ್ತು ಮಹಡಿ ಮೆಟ್ಟಿಲ ಮೇಲೆ ನಿಂತಿದ್ದಳು, ಯಾರ ಮುಖವನ್ನೂ ನೋಡದೆ.

"ಎಲ್ಲಾ ಬಂದ್ರಲ್ಲ," ಎಂದು ಚನ್ನಾಜಮ್ಮ ಶುರುಮಾಡಿದಳು. "ನಾವು ಬರ್ದಿದ್ದು ನಮ್ ಫೋನಲ್ಲಿ ಬಲಕ್ಕಿರ್ತದೆ, ಬಂದಿದ್ದು ಎಡಕ್ಕೆ. ದಿವ್ಯನ್ ಫೋನಲ್ಲಿ ನೋಡ್ದೆ. ಈ ಚಿತ್ರ ದೀಪನ್ ಫೋನಿಂದಾದ್ರೆ ನಾಗಶ್ರೀ ಮಾತು ಎಡಕ್ಕಿರ್ಬೇಕಿತ್ತು. ಬಲಕ್ಕದೆ. ಗುಟ್ಟು ಓಗಿರೋದು ನಾಗಶ್ರೀ ಕಡೆಯಿಂದ್ಲೇ."

ನಾಗಶ್ರೀ ಫೋನ್ ಎತ್ತಿ ತೋರಿಸಿದಳು. "ಫೋನ್ ನನ್ ಕೈಲೇ ಇತ್ತು ಅಜ್ಜಿ."

"ಫೋನ್ ಇತ್ತು. ಪ್ರಿಂಟ್ ತೆಗ್ಯಕೆ ಆ ಆ್ಯಪ್ನ ಅಂಗಡಿ ಕಂಪ್ಯೂಟರ್‌ಗೆ ಜೋಡ್ಸಿದ್ಯಲ್ಲ, ಅದ್ನ ಬುಡ್ಸಿದ್ಯಾ?"

ನಾಗಶ್ರೀ ಆ್ಯಪ್ ತೆರೆದಳು. ಜೋಡಣೆಯಾದ ಯಂತ್ರಗಳ ಪಟ್ಟಿಯಲ್ಲಿ ಒಂದು ಕಂಪ್ಯೂಟರ್, ಬುಧವಾರದಿಂದ. ಬೀಗ ಹಾಕಿದವಳನ್ನೇ ಕೇಳು. ದಿವ್ಯಳಿಗೆ ಹನೂರಿನ ಅಜ್ಜಿಯ ಮಾತು ಕೇಳಿಸಿದಂತಾಯಿತು.

"ನೀನು ಬಸ್ಸಲ್ಲಿ ಬರೀತಿದ್ರೆ ಇಲ್ಲಿ ಪರದೆ ಮೇಲೆ ಒಂದೊಂದೇ ಸಾಲು ಮೂಡ್ತಿತ್ತು. ನಮ್ ಎಕ್ಸ್‌ಚೇಂಜಲ್ಲಿ ಮಾತು ಮುಗುದ್ಮೇಲೆ ವೈರ್ ಕೀಳ್ದಿದ್ರೆ ನಮ್ದೇ ತಪ್ಪು. ಇಲ್ಲಿ ಕೀಳೋಳು ನೀನೇ ಕೂಸೆ. ಶಿವರಾಜು, ಈ ಕೂಸು ಓಡ್ದ ಮೇಲೆ ಅಲ್ಲಿ ಕೂತೋರ್ಯಾರು?"

ಶಿವರಾಜು ಕತ್ತು ಕೆರೆದುಕೊಂಡ. ಲ್ಯಾಮಿನೇಷನ್ನಿನಲ್ಲಿ ಮುಳುಗಿದ್ದನಂತೆ, ಆದರೂ ಗುರುಪ್ರಕಾಶ ಅರ್ಜಿ ಪ್ರಿಂಟಿಗೆ ಕೂತದ್ದು, ಪರದೆಗೆ ಫೋನ್ ಹಿಡಿದದ್ದು ಕಂಡಿದ್ದನಂತೆ.

"ಕೂತೋರೆಲ್ಲ ಕಳ್ರಾ?" ಎಂದ ಗುರುಪ್ರಕಾಶ.

"ಅಲ್ಲ ಕಣಪ್ಪ. ಆದ್ರೆ ಗ್ರೂಪಿಗೆ ಬಂದ ಚಿತ್ರದಲ್ಲಿ ಕಾಮಗೆರೆ ಅನ್ನೋ ಮಾತೇ ಇಲ್ಲ. ಎಲ್ಲಿತ್ತು ನಾಗಶ್ರೀ?"

"ಅದಕ್ಕಿಂತ ಮೇಲಿನ ಮೆಸೇಜಲ್ಲಿ," ಎಂದಳು ಅವಳು ಮೆಲ್ಲಗೆ. "ಕತ್ತರಿಸಿರೋ ಭಾಗದಲ್ಲಿ."

ಗುರುಪ್ರಕಾಶನ ಕೈಯ ಲೋಟದಲ್ಲಿ ಕಾಫಿ ತಣ್ಣಗಾಗಿತ್ತು. "ಒಂದೇ ಮಾರ್ಕಲ್ಲಿ ಇಂದ್ಕೆ ಬಿದ್ದಿದ್ದೆ ಅಜ್ಜಿ. ಬೇರೆ ಸಿಮ್ಮಿಂದ ನಾನೇ ಆಕ್ದೆ," ಎಂದನು ನೆಲ ನೋಡುತ್ತ. ಈಗಲೇ ಶಿಬಿರದ ಮೇಷ್ಟ್ರ ಮುಂದೆ ನಿಂತು ಒಪ್ಪಿಕೊಳ್ಳುತ್ತೇನೆ ಎಂದು ಎದ್ದ. ಕಾವಲಿಗೆ ಶಿವರಾಜುವೂ ಜೊತೆಗೆ ಹೊರಟ.

ಈ ಆ್ಯಪೇ ಬೇಡ, ತೆಗೆದು ಬಿಸಾಕುತ್ತೇನೆ ಎಂದಳು ನಾಗಶ್ರೀ.

"ಓದ್ ತಿಂಗ್ಳು ನೀನು ಮಲಗಿದ್ದಾಗ ಹದ್ನೈದು ದಿನದ ನೋಟ್ಸು ಫೋಟೋ ಒಡ್ದು ಕಳ್ಸಿದ್ಲಲ್ಲ ದೀಪ, ಯಾತ್ರಲ್ಲಿ? ಬಾಗ್ಲು ಮುಚ್ಚು ಅಂದ್ರೆ ಮನೆನೇ ಕೆಡುವ್ತೀಯಾ?" ಎಂದಳು ಚನ್ನಾಜಮ್ಮ.

ನಾಗಶ್ರೀ ಮೊದಲು ಆ ಕಂಪ್ಯೂಟರನ್ನು ಪಟ್ಟಿಯಿಂದ ಕಿತ್ತಳು. ಆಮೇಲೆ ಗ್ರೂಪು ತೆರೆದಳು. ಬರೆದಳು, ಅಳಿಸಿದಳು, ಮತ್ತೆ ಬರೆದಳು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ದೀಪ ಕೊನೆಯ ಮೆಟ್ಟಿಲಿಳಿಯುವಾಗ ಅವಳ ಬ್ಯಾಗಿನೊಳಗೆ ಫೋನ್ ಟಣ್ ಎಂದಿತು. ತೆಗೆದು ಓದಿದಳು.

"ಅರವತ್ತೆರಡು ಜನಕ್ಕೆ ಯೋಳ್ದಲ್ಲ," ಎಂದಳು. "ನಂಗೆ ಬಾಯಲ್ಲಿ ಯೋಳು ಲೇ."

ನಾಗಶ್ರೀ ಹತ್ತಿರ ಹೋಗಿ, ಮೊದಲು ಅತ್ತು, ಆಮೇಲೆ ಹೇಳಿದಳು. ದಿವ್ಯ ಸದ್ದಿಲ್ಲದೆ ದೀಪಳ ಬ್ಯಾಗ್ ಎತ್ತಿಕೊಂಡು ಮಹಡಿ ಹತ್ತಿದಳು.