ಮೊದಲ ಮಾತು ಕಿರಿಯರದು

ಯಂಕಪ್ಪ ಡಾಕ್ಟರಿಗೆ ದಿನಾ ಬೆಳಿಗ್ಗೆ ಬೋರ್ಡಿಗೆ ಬರೆಯುವ ಖಡು ತೀರಿಹೋಗುತ್ತಿತ್ತು. ಮೇಜಿನ ಮೇಲೆ ಡಬ್ಬಿ ತುಂಬ ಬಿಳಿ ಖಡು ಇರುತ್ತಿತ್ತು, ಅದು ಬೇರೆ ಮಾತು! ಎಲುಬಿನ ಪಾಠವನ್ನು ಅರ್ಧಕ್ಕೆ ಬಿಟ್ಟು, ಪಡಸಾಲೆ ದಾಟಿ, ಚಂದ್ರವ್ವನ ಕ್ಲಾಸಿನ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ.

“ಒಂದು ಖಡು ಕೊಡ್ರಿ, ಡಾಕ್ಟರ್ ಬಾಯಾರ.”

ಚಂದ್ರವ್ವ ಬೇಕೆಂದೇ ಇದ್ದುದರಲ್ಲಿ ಸಣ್ಣ ತುಂಡು ಹುಡುಕಿ ಕೊಡುತ್ತಿದ್ದಳು. “ಇಷ್ಟು ಸಾಕಾಗತೈತೇನ್ರಿ?”

“ಸಾಲದಿದ್ರ ಮತ್ತ ಬರತೀನ್ರಿ. ನನಗೇನು ಬ್ಯಾಸರಿಲ್ಲ.”

ತುಂಡು ಕೈ ಬದಲಿಸುವಾಗ ಅವನು ಅವಳ ಬೆರಳು ತಾಗದಂತೆ ಎಷ್ಟು ಜೋಪಾನ ಮಾಡುತ್ತಿದ್ದನೆಂದರೆ, ಆ ಜೋಪಾನಕ್ಕೇ ಅವಳ ಕಿವಿ ಕೆಂಪಾಗುತ್ತಿತ್ತು. ಹುಡುಗಿಯರು ಪುಸ್ತಕದ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಅವಳು ಬೋರ್ಡಿನ ಕಡೆ ತಿರುಗಿ, ಸ್ವಲ್ಪ ಹೊತ್ತು ಏನನ್ನೂ ಬರೆಯದೆ ನಿಲ್ಲುತ್ತಿದ್ದಳು.

ಅದು ಗದಗಿನ ಹತ್ತಿ ಪ್ಯಾಟಿಯ ಹಿಂದೆ, ಕಲ್ಲಿನ ಕಟ್ಟಡದಲ್ಲಿದ್ದ ವೈದ್ಯಕೀಯ ಶಾಲೆ. ಸಾವಿರದ ಒಂಬೈನೂರ ಐವತ್ತಾರು. ನಾಡು ಒಂದಾಗುತ್ತದೆ ಎಂದು ಊರೆಲ್ಲ ಸಡಗರ, ಅಂಗಡಿಯವರು ಈಗಿನಿಂದಲೇ ತೋರಣದ ಹಗ್ಗ ಕೊಳ್ಳುತ್ತಿದ್ದರು. ಚಂದ್ರವ್ವ ಬೆಟಗೇರಿಯ ನೇಕಾರರ ಮಗಳು, ಆ ಓಣಿಯಿಂದ ಡಾಕ್ಟರಾದ ಮೊದಲ ಹೆಣ್ಣು. ಯಂಕಪ್ಪ ಕೊರ್ಲಹಳ್ಳಿಯ ರೈತರ ಮಗ. ಇಬ್ಬರ ಜಾತಿ ಬೇರೆ. ಅದನ್ನು ಇಬ್ಬರೂ ಒಮ್ಮೆಯೂ ಆಡಿರಲಿಲ್ಲ, ಒಮ್ಮೆಯೂ ಮರೆತಿರಲೂ ಇಲ್ಲ.

ಆ ಶಾಲೆಯದೊಂದು ರೀತಿಯಿತ್ತು. ಯಾರನ್ನು ಸೇರಿಸಿಕೊಳ್ಳಬೇಕು, ಯಾರು ಪಾಸು, ಯಾರಿಗೆ ಶಿಕ್ಷೆ, ಇವನ್ನೆಲ್ಲ ಪ್ರಿನ್ಸಿಪಾಲರೊಬ್ಬರೇ ತೀರ್ಮಾನಿಸುವಂತಿರಲಿಲ್ಲ. ಕಟ್ಟಡ ಕಟ್ಟಿಸಿಕೊಟ್ಟ ಸಾಹುಕಾರರೂ ನಡುವೆ ಬಾಯಿ ಹಾಕುವಂತಿರಲಿಲ್ಲ. ಅಧ್ಯಾಪಕರ ಸಮಿತಿ ಕೂಡಬೇಕು, ಎಲ್ಲರ ಮಾತು ಕೇಳಬೇಕು, ಕೈ ಎಣಿಸಬೇಕು. ಅದರಲ್ಲೂ ಮೊದಲ ಮಾತು ಎಲ್ಲರಿಗಿಂತ ಕಿರಿಯರದು. ಹಿರಿಯರ ಮುಖ ನೋಡಿ ಕಿರಿಯರು ಕೈ ಎತ್ತಬಾರದು ಎಂದು ಪ್ರಿನ್ಸಿಪಾಲ್ ಚನ್ನಬಸವಣ್ಣನವರೇ ಹಾಕಿದ ಪದ್ಧತಿ. ಪರೀಕ್ಷಾ ಸಮಿತಿಯಲ್ಲಿ ಆ ಕಿರಿಯಳು ಚಂದ್ರವ್ವ. ಒಳ್ಳೆಯ ಪದ್ಧತಿಯೇ, ಆದರೆ ಒಂದು ದಿನ ಅದು ಅವಳ ಕುತ್ತಿಗೆಗೇ ಬಂತು.

ಶಿಗ್ಲಿಯ ಸಿದ್ದಲಿಂಗವ್ವ ಎಂಬ ಹುಡುಗಿ ಬರೆಯುವ ಪರೀಕ್ಷೆಯಲ್ಲಿ ಪಾಸಾಗಿ, ಬಾಯಿಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಇಂಗ್ಲಿಷಿನಲ್ಲಿ ಪ್ರಶ್ನೆ ಬಿದ್ದರೆ ಅವಳ ನಾಲಗೆ ಒಣಗುತ್ತಿತ್ತು. ಎರಡು ಸಲ ಫೇಲಾದವರ ಹೆಸರನ್ನು ಶಾಲೆಯ ಪಟ್ಟಿಯಿಂದ ಹೊಡೆದುಹಾಕುವುದು ನಿಯಮ. ಸಭೆಯ ಹಿಂದಿನ ಸಂಜೆ, ಸೈಕಲ್ ತಳ್ಳುತ್ತಾ ಬೆಟಗೇರಿಯ ದಾರಿಯಲ್ಲಿ ಚಂದ್ರವ್ವನೇ ಯಂಕಪ್ಪನಿಗೆ ಹೇಳಿದ್ದಳು. “ಆಕೀಗೆ ಕನ್ನಡದಾಗ ಕೇಳಿ ನೋಡ್ರಿ, ಪಟಪಟ ಹೇಳತಾಳ. ಇನ್ನೊಂದು ಸಲ ಕನ್ನಡದಾಗ ಪರೀಕ್ಷೆ ಮಾಡೂಣು ಅಂತ ಸಭಾದಾಗ ಯಾರರ ಅನ್ನಬೇಕು.”

“ನಾ ಅಂತೀನಿ. ನೀವು ಕೈ ಎತ್ತರಿ,” ಎಂದಿದ್ದ ಅವನು. ಅವಳು ನಕ್ಕು, ಎತ್ತುತ್ತೇನೆ ಎಂದಿದ್ದಳು.

ಮರುದಿನ ಅವನು ಸಭೆಯಲ್ಲಿ ಅಂದೇ ಬಿಟ್ಟ. ಚನ್ನಬಸವಣ್ಣನವರು ಕನ್ನಡಕ ಸರಿಸಿ, “ಕಿರಿಯರು ಮೊದಲು. ಹೇಳು ತಂಗಿ,” ಎಂದರು.

ಅವಳು ಬಾಯಿ ತೆರೆಯುವ ಮೊದಲೇ ಔಷಧಶಾಸ್ತ್ರದ ಮೂಕಪ್ಪ ಡಾಕ್ಟರು ಕುರ್ಚಿಗೆ ಒರಗಿ ನಕ್ಕರು. ಹೆಸರು ಮೂಕಪ್ಪ, ಬಾಯಿಗೆ ಮಾತ್ರ ಬಿಡುವಿಲ್ಲ. “ಬಾಯಾರನ್ನ ಕೇಳೂದೇನೈತ್ರಿ? ಯಂಕಪ್ಪನ ಕೈ ಎಲ್ಲೈತಿ, ಅವರ ಕೈನೂ ಅಲ್ಲೇ. ದಿನಾ ಖಡು ಕೊಟ್ಟು ರೂಢಿ ಆಗೇತಲ್ಲ!”

ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ, ಮನೆಮಂದಿಯ ನಗು. ಆದರೆ ಚಂದ್ರವ್ವನಿಗೆ ಮೈಯೆಲ್ಲ ಬೆಂಕಿ ಹತ್ತಿದಂತಾಯಿತು. ಓಣಿ ಕಂಡಿತು, ಅಪ್ಪನ ಮುಖ ಕಂಡಿತು. ತಲೆ ಬಗ್ಗಿಸಿ ಹೇಳಿದಳು.

“ನನ್ನ ಒಪ್ಪಿಗಿ ಇಲ್ರಿ. ನಿಯಮ ಎಲ್ಲಾರಿಗೂ ಒಂದ.”

ಎದುರು ಕೂತ ಯಂಕಪ್ಪ ಅವಳನ್ನೇ ನೋಡಿದ. ಅವಳು ಮಾತ್ರ ಮೇಜಿನ ಮೇಲಿನ ಶಾಯಿಯ ಕಲೆಯಿಂದ ಕಣ್ಣು ಎತ್ತಲಿಲ್ಲ. ಕೈ ಎಣಿಸಿದಾಗ ಒಂದೇ ಒಂದು ಕೈ ಕಡಿಮೆ ಬಿತ್ತು.

ಹೊರಗೆ ಸೈಕಲ್ಲಿನ ಹತ್ತಿರ ಅವನು ಕಾದಿದ್ದ. ಕೂಗಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಮೆಲ್ಲಗೆ ಕೇಳಿದ.

“ನಿಮ್ಮ ಮನಸ್ಸು ಬದಲಾಗಿದ್ರ ತಪ್ಪಿಲ್ರಿ. ಖರೆ ಹೇಳ್ರಿ, ಬದಲಾತೇನು?”

ಅವಳು ಇಲ್ಲವೆಂದು ತಲೆಯಾಡಿಸಿದಳು.

“ಅಂದ್ರ ನನ್ನ ಹೆಸರಿನ ಜೋಡಿ ನಿಮ್ಮ ಹೆಸರು ಬಂತಂತ ನಾಚಿ ಅಂದ್ರಿ.” ಸೈಕಲ್ಲಿನ ಗಂಟೆಯನ್ನು ಒಮ್ಮೆ ಸುಮ್ಮನೆ ತಿರುವಿದ. “ನನ್ನ ಹೆಸರು ಅಷ್ಟು ಹೊಲಸೈತೇನ್ರಿ, ಬಾಯಾರ?”

ಉತ್ತರಕ್ಕೆ ಕಾಯದೆ ಹೊರಟುಹೋದ. ಮರುದಿನ ಅವನಿಗೆ ಖಡು ತೀರಲಿಲ್ಲ. ಅದರ ಮರುದಿನವೂ ತೀರಲಿಲ್ಲ. ಚಂದ್ರವ್ವ ಪಾಠ ಹೇಳುತ್ತಾ ಹೇಳುತ್ತಾ ಬಾಗಿಲು ನೋಡುತ್ತಿದ್ದಳು, ಹುಡುಗಿಯರು ಅವಳನ್ನು ನೋಡುತ್ತಿದ್ದರು. ಈ ಸಲ ಯಾರೂ ನಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಸಿದ್ದಲಿಂಗವ್ವ ಬಂದಳು. ಟ್ರಂಕು ಕಟ್ಟಿಯಾಗಿತ್ತು, ಕರೆದೊಯ್ಯಲು ಸೋಮವಾರ ಅಪ್ಪ ಬರುವವನಿದ್ದ. ಸಭೆಯಲ್ಲಿ ಯಾರು ಏನಂದರೆಂದು ಹೊರಗೆ ಹೇಳುವಂತಿರಲಿಲ್ಲ. ಹಾಗಾಗಿ ಆ ಹುಡುಗಿ ತನಗೆ ತಿಳಿದಂತೆ ತಿಳಿದುಕೊಂಡಿದ್ದಳು.

“ನಿಮ್ಮದೊಂದು ಕೈಯರ ನನ್ನ ಸಲುವಾಗಿ ಎದ್ದಿರತೈತಿ ಅಂತ ಗೊತ್ತೈತ್ರಿ, ಬಾಯಾರ,” ಎಂದು ಬಗ್ಗಿ ಕಾಲು ಮುಟ್ಟಿದಳು.

ಅಯ್ಯೋ ಶಿವನೇ! ಚಂದ್ರವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು. ನಿಜ ಹೇಳುವ ಬದಲು ಹುಡುಗಿಯ ತೋಳು ಹಿಡಿದು ಎಬ್ಬಿಸಿದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹುಡುಗಿ ಹೋದ ಮೇಲೆ ಮುಖ ತೊಳೆದುಕೊಂಡು, ನೆಟ್ಟಗೆ ಪ್ರಿನ್ಸಿಪಾಲರ ಕೋಣೆಗೆ ನಡೆದಳು.

“ಸಿದ್ದಲಿಂಗವ್ವನ ವಿಷಯ ಮತ್ತೊಮ್ಮೆ ಸಭಾದ ಮುಂದ ತರಬೇಕ್ರಿ.”

ಚನ್ನಬಸವಣ್ಣನವರು ಪೆನ್ನು ಕೆಳಗಿಟ್ಟರು. “ಯಂಕಪ್ಪನೂ ಬಂದು ಕೇಳಿದ. ಆಗೂದಿಲ್ಲ ಅಂದೆ. ಸೋತವರು ಮತ್ತ ಮತ್ತ ಅದನ್ನ ತಂದ್ರ ಯಾವ ಸಭಾನೂ ಮುಗಿಯೂದಿಲ್ಲ. ಗೆದ್ದ ಕಡೆಯವರು ಯಾರರ ತಂದ್ರ ನಡಿಯತೈತಿ. ಆದ್ರ ಅವರು ಎದ್ದು ನಿಂತು, ತಮ್ಮ ಮನಸ್ಸು ಯಾಕ ತಿರುಗಿತು ಅಂತ ಹೇಳಬೇಕು.” ಅವರು ಅವಳ ಮುಖ ನೋಡಿದರು. “ಗೆದ್ದವರು ಇನ್ನೂ ಯಾರೂ ಬಂದಿಲ್ಲ, ತಂಗಿ.”

“ನಾ ಬಂದೀನ್ರಿ,” ಎಂದಳು ಚಂದ್ರವ್ವ. ತಾನು ಗೆದ್ದ ಕಡೆಯವಳೆಂದು ಹೇಳಿಕೊಳ್ಳುವುದು ಇಷ್ಟು ನಾಚಿಕೆಯ ಮಾತಾದೀತೆಂದು ಅವಳು ಎಣಿಸಿರಲಿಲ್ಲ.

ಶನಿವಾರ ಸಭೆ ಕೂಡಿತು. ಹೊರಗೆ ಬೀದಿಯಲ್ಲಿ ಮಾವಿನ ಸೊಪ್ಪಿನ ಗಾಡಿ ಹೋಗುತ್ತಿತ್ತು. ಯಂಕಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಚಂದ್ರವ್ವ ಎದ್ದು ನಿಂತಳು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

“ಹೋದ ಸಭಾದಾಗ ನಿಯಮ ಅಂತ ಹೇಳಿದೆ. ಅದು ಸುಳ್ಳು. ಆ ಹುಡಿಗಿಗೆ ಕನ್ನಡದಾಗ ಕೇಳಬೇಕು ಅಂತ ಮೊದಲು ಅಂದಾಕಿ ನಾನ. ಡಾಕ್ಟರ್ ಯಂಕಪ್ಪನವರ ಕಡೆ ಕೈ ಎತ್ತಿದ್ರ ನೀವೆಲ್ಲಾ ನಗತೀರಿ ಅಂತ ಅಂಜಿ ವಿರುದ್ಧ ಅಂದೆ. ನನ್ನ ಮಾನ ಉಳಿಸಿಕೊಳ್ಳಾಕ ಆಕೀ ವಿದ್ಯಾ ಕಳದೆ. ನನಗ ನಾಚಿಕಿ ಆಗೇತ್ರಿ.”

ಮೂಕಪ್ಪ ಡಾಕ್ಟರು ಮೊದಲ ಸಲ ಮೂಕರಾಗಿದ್ದರು.

“ಇನ್ನೊಂದು ಮಾತು,” ಎಂದಳು. “ನೀವು ನಕ್ಕದ್ದು ಸುಳ್ಳಲ್ಲ. ನನ್ನ ಮನಸ್ಸು ಅವರ ಮ್ಯಾಲೈತಿ. ಅವರ ಮನಸ್ಸು ಈಗ ಹೆಂಗೈತೋ ನನಗ ಗೊತ್ತಿಲ್ಲ. ಅದಕ್ಕ ಇವತ್ತು ನನ್ನ ಕೈ ಎಣಿಸಬ್ಯಾಡ್ರಿ. ನಾ ಹೊರಗ ಕುಂಡ್ರತೀನಿ. ನೀವು ಆ ಹುಡಿಗೀನ ನೋಡಿ ಹೇಳ್ರಿ, ನನ್ನ ನೋಡಿ ಬ್ಯಾಡ.”

ಯಾರ ಮುಖವನ್ನೂ ನೋಡದೆ ಹೊರಗೆ ಬಂದು ಪಡಸಾಲೆಯ ಬೆಂಚಿನ ಮೇಲೆ ಕುಸಿದಳು. ಮುಖ ಮುಚ್ಚಿಕೊಂಡಳು. ಎಂಥ ಕೆಲಸ ಮಾಡಿದೆ, ಇನ್ನು ಈ ಶಾಲೆಗೆ ಯಾವ ಮುಖ ಹೊತ್ತು ಬರಲಿ ಎಂದುಕೊಂಡಳು. ಆಗ ಬಾಗಿಲು ತೆರೆದು ಮುಚ್ಚಿದ ಸಪ್ಪಳ ಕೇಳಿತು. ಬೆಂಚಿನ ಆ ತುದಿಯಲ್ಲಿ ಯಾರೋ ಕೂತರು.

“ನೀವು ಯಾಕ ಬಂದ್ರಿ?” ಎಂದಳು ಬೆರಳ ಸಂದಿಯಿಂದ. “ಹೋಗ್ರಿ ಒಳಗ, ನಿಮ್ಮ ಕೈ ಬೇಕು.”

“ನನ್ನೂ ಹೊರಗ ಹಾಕಿದ್ರು,” ಎಂದ ಯಂಕಪ್ಪ. “ಚನ್ನಬಸವಣ್ಣನವರು ಕೇಳಿದ್ರು, ಬಾಯಾರ ಅಂದ ಮಾತಿನಾಗ ನಿನಗ ಏನರ ಸಂಬಂಧ ಐತೇನಪಾ ಅಂತ. ಐತ್ರಿ ಅಂದೆ. ಹಂಗಾರ ನೀನೂ ನಡಿ ಅಂದ್ರು.”

ಅವಳು ಕೈ ಇಳಿಸಿ ನೋಡಿದಳು. ಅವನ ಕಿವಿ ಕೆಂಪಾಗಿತ್ತು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ಹಳೆಯ ತುಂಟತನ ಇನ್ನೂ ಅನುಮಾನದಿಂದ ನಿಂತಿತ್ತು.

“ನಿಮ್ಮ ಹೆಸರು ಹೊಲಸಲ್ರಿ,” ಎಂದಳು. “ನನ್ನ ಧೈರ್ಯ ಸಣ್ಣದಿತ್ತು.”

“ನಾನೂ ಆವತ್ತು ಹಂಗ ಅನ್ನಬಾರದಿತ್ತು. ಅಂದು ಹೋದೆ, ಆಮ್ಯಾಲೆ ಊಟ ಸೇರಲಿಲ್ಲ.”

“ನಮ್ಮ ಅಪ್ಪಗ ಹೇಳೂದು ಭಾಳ ಕಠಿಣ ಐತಿ.”

“ನಮ್ಮವ್ವಗ ಹೇಳೂದು ಅದಕ್ಕಿಂತ ಕಠಿಣ ಐತಿ,” ಎಂದ ಅವನು. “ಆದ್ರ ನಮ್ಮವ್ವ ಈ ಸಮಿತಿಯವರಕಿಂತ ಜಲ್ದಿ ಕರಗತಾಳ.” ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಬಾಗಿಲು ತೆರೆಯಿತು. ಮೂಕಪ್ಪ ಡಾಕ್ಟರು ಹೊರಗೆ ಬಂದು, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. “ಆಕೀಗೆ ಮಂಗಳವಾರ ಕನ್ನಡದಾಗ ಪರೀಕ್ಷೆ. ಕೇಳಾಂವ ನಾನ.” ಅವಳ ಮುಖ ನೋಡದೆ ಹೇಳಿದರು. “ನಾ ಆವತ್ತು ಬಾಯಿ ಬಿಡಬಾರದಾಗಿತ್ತು, ತಂಗಿ. ತಪ್ಪಾತು.” ತಿರುಗಿ ಒಳಗೆ ಹೋದರು.

ಚಂದ್ರವ್ವ ಎದ್ದು ಕಣ್ಣೊರೆಸಿಕೊಂಡಳು. “ನಾ ಸಿದ್ದಲಿಂಗವ್ವನ ಕಡೆ ಹೋಗಬೇಕ್ರಿ. ಪರೀಕ್ಷೆ ಖಬರಕಿಂತ ಮೊದಲು, ಹೋದ ಸಲ ನನ್ನ ಕೈ ಎದ್ದಿರಲಿಲ್ಲ ಅಂತ ಹೇಳಬೇಕು. ಬ್ಯಾರೆಯವರ ಮಾತು ಸಭಾದ್ದು. ನನ್ನ ಮಾತು ನಂದ.”

“ಜೋಡಿ ಬರ್ಲೇನು?”

“ಬ್ಯಾಡ್ರಿ. ಇದನ್ನ ಒಬ್ಬಾಕೀನ ಹೇಳಬೇಕು.”

“ಆತು. ನಾ ಇಲ್ಲೇ ಕುಂತಿರತೀನಿ.”

ಮೆಟ್ಟಿಲಿನವರೆಗೆ ಹೋದವಳನ್ನು ಅವನು ಕರೆದ. “ಬಾಯಾರ.”

ಅವಳು ತಿರುಗಿದಳು.

“ಸೋಮವಾರ ನನಗ ಖಡು ತೀರತೈತ್ರಿ.”

ಸಭೆಯ ಬಾಗಿಲು ಅರ್ಧ ತೆರೆದೇ ಇತ್ತು, ಒಳಗಿನವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅದು ಗೊತ್ತಿದ್ದೂ ಚಂದ್ರವ್ವ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಬರ್ರಿ. ಈ ಸಲ ಇಡೀ ಖಡು ಕೊಡತೀನಿ.”