ಕೌದಿ ಕೇಳಲು ಬಂದವನು

ರಾತ್ರಿ ಹನ್ನೊಂದರ ಹೊತ್ತಿಗೆ ಟಿಣ್ ಎಂದು ಸಣ್ಣ ಸದ್ದಾಯಿತು. ಸಂಗ್ರಾಮನ ನೋಟ್‌ಬುಕ್ಕಿನಿಂದ ಜೆಮ್ ಕ್ಲಿಪ್ ಜಾರಿ ನೆಲಕ್ಕೆ ಬಿದ್ದಿತ್ತು. ಅದು ಕೂಡಿಸಿ ಹಿಡಿದಿದ್ದ ಎರಡು ಪುಟ ಬಿಚ್ಚಿಕೊಂಡವು.

ಅಥಣಿಯಲ್ಲಿ ನಮ್ಮ ಭಾಗದ ಚರಿತ್ರೆಯ ಮ್ಯೂಸಿಯಂ ತೆರೆಯಲು ನಾಲ್ಕೇ ದಿನವಿತ್ತು. ಊರೂರು ತಿರುಗಿ ಹಳೆಯ ವಸ್ತು ಕೂಡಿಸುವವನು ಸಂಗ್ರಾಮ. ಅವನ ಟಿಪ್ಪಣಿಗಳನ್ನು ಕಂಪ್ಯೂಟರಿಗೆ ಏರಿಸುವವಳು ನಾನು. ಗಡಿಬಿಡಿಯಲ್ಲಿ ನೋಟ್‌ಬುಕ್ಕಿನ ಇಡೀ ಕಟ್ಟನ್ನೇ ಕೊಟ್ಟುಬಿಟ್ಟಿದ್ದ. ಮುಂದಿನ ತಿಂಗಳು ನಮ್ಮ ನಿಶ್ಚಿತಾರ್ಥ. ಬಿಚ್ಚಿಕೊಂಡ ಪುಟದಲ್ಲಿ ಅವನು ಬರೆದಿದ್ದ:

‘ಜೂನ್ ಎಂಟು. ಜುಗೂಳ. ಹೊಳೆವ್ವನ ಹತ್ತಿರ ನೂರು ವರ್ಷದ ಕೌದಿ. ನಮ್ಮವರು ಮೂರು ಸಲ ಕೇಳಿದರೂ ಕೊಟ್ಟಿಲ್ಲ. ಮೊಮ್ಮಗಳು ದೀಪಾಲಿ, ಬಿ.ಎ., ಮದುವೆಯಾಗಿಲ್ಲ. ಅವಳ ಮೂಲಕ ಪ್ರಯತ್ನಿಸಬೇಕು.’

ಹೊಳೆವ್ವ ನನ್ನ ಅಜ್ಜಿ, ದೀಪಾಲಿ ನಾನು. ನಾನೂ ಸಂಗ್ರಾಮನೂ ಮೊದಲು ಭೇಟಿಯಾದದ್ದು ಜೂನ್ ಇಪ್ಪತ್ತಕ್ಕೆ, ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ. ಬಸ್ಸು ಜುಗೂಳಕ್ಕೆ ಹೋಗುತ್ತದೆಯೇ ಎಂದು ಕೇಳಿದ್ದ. ಬೋರ್ಡು ಓದಲು ಬರುವುದಿಲ್ಲವೇ ಎಂದಿದ್ದೆ.

“ಓದಾಕ ಬರತೈತ್ರಿ. ಆದ್ರ ಬೋರ್ಡ ಹಿಂಗ ನಗಂಗಿಲ್ಲ.”

ದಾರಿಯುದ್ದಕ್ಕೂ ಕಿಟಕಿಯ ಗಾಜಿನಲ್ಲಿ ಅವನ ಕಣ್ಣು ನನ್ನನ್ನೇ ನೋಡುತ್ತಿದ್ದವು. ತಿರುಗಿದರೆ, ಕೈಯ ಟಿಕೆಟ್ಟನ್ನು ಪತ್ರದಂತೆ ಓದುತ್ತಿದ್ದ. ಅದನ್ನು ಎಷ್ಟು ಸಲ ನೆನೆದು ನಕ್ಕಿದ್ದೆ.

ಹಳೆಯ ಸೀರೆ ತುಂಡು ಕೂಡಿಸಿ ಅಜ್ಜಿಯ ತಾಯಿ ಹೊಲಿದ ಕೌದಿ ಅದು. ಅಜ್ಜಿ ಅದನ್ನು ನನ್ನ ಮದುವೆಗೆಂದು ಇಟ್ಟಿದ್ದಳು. ನಮ್ಮ ವಿಷಯ ತಿಳಿದ ಮೇಲೆ, ಮನೆಯ ಹುಡುಗನಿಗೆ ಇಲ್ಲವೆನ್ನುವುದು ಹೇಗೆಂದು ತಾನೇ ಮಡಚಿ ಅವನ ಕೈಗೆ ಕೊಟ್ಟಳು.

ಮರುದಿನ ಮ್ಯೂಸಿಯಮ್ಮಿನಲ್ಲಿ ಆ ಪುಟವನ್ನು ಅವನ ಮುಂದೆ ಹಿಡಿದೆ. ಅವನು ಅದನ್ನು ಓದಿದ.

“ಮೊದಲ ಕೌದಿ ಸಲುವಾಗೇ ಬಂದಿದ್ದೆ, ದೀಪಾ. ಆಮ್ಯಾಲ ಖರೇನ ನಿನ್ನ ಮ್ಯಾಲ ಮನಸಾತು.”

“ಯಾವ ತಾರೀಖಿಗ್ರಿ?”

ಅವನು ನೋಟ್‌ಬುಕ್ಕಿಗೆ ಕೈ ಚಾಚಿದ. ನಾನು ಕೊಡಲಿಲ್ಲ.

“ಎಲ್ಲಾದಕ್ಕೂ ತಾರೀಖ ಬರೀತೀರಿ. ಇದಕ್ಕ ಬರದಿಲ್ಲೇನ್ರಿ?”

ಅವನ ಕಣ್ಣು ತುಂಬಿದವು. ಅದು ನಿಜವೇ ಇರಬಹುದು. ಆದರೆ ಅವನ ಒಂದೊಂದು ಸಿಹಿ ಮಾತಿನ ಹಿಂದೆಯೂ ಏನು ಬೇಕಾಗಿದೆ ಎಂದು ಹುಡುಕುತ್ತಾ ನಾನು ಬಾಳಲಾರೆ. ಕೌದಿ ವಾಪಸ್ ಕೊಡುತ್ತೇನೆಂದ. ಬೇಡವೆಂದೆ, ಅಜ್ಜಿ ಅದನ್ನು ಮನಸಾರೆ ಕೊಟ್ಟಿದ್ದಳು. ಮದುವೆಯೂ ಬೇಡವೆಂದು ಹೇಳಿ ಹೊರಟೆ.

ಮನೆಯಲ್ಲಿ ಅಜ್ಜಿಗೆ ಹೇಳಿದ್ದು ಇಷ್ಟೇ: ನನಗೆ ಮನಸ್ಸಿಲ್ಲ. ಅವನೇನಾದರೂ ಅಂದನೇ ಎಂದು ಮತ್ತೆ ಮತ್ತೆ ಕೇಳಿದಳು. ಇಲ್ಲವೆಂದೆ. ಅಜ್ಜಿಯ ಮುಖ ಬಿಗಿಯಿತು.

“ಅಂಥಾ ಹುಡುಗಗ ಹಿಂಗ ಮೋಸ ಮಾಡೂದೇನ, ಹುಡುಗಿ?”

ಬಾಯಿಯ ತನಕ ಬಂದ ಮಾತನ್ನು ನುಂಗಿದೆ. ಹೇಳಿದರೆ ನನ್ನ ಮೇಲಿನ ಅವಳ ಸಿಟ್ಟು ಇಳಿಯುತ್ತಿತ್ತು. ಆದರೆ ನನ್ನ ಮೇಲಿನ ಪ್ರೀತಿಯನ್ನೇ ಹಿಡಿದು ಯಾರೋ ತನ್ನನ್ನು ಮೋಸಗೊಳಿಸಿದರೆಂದು ಈ ವಯಸ್ಸಿನಲ್ಲಿ ಅವಳಿಗೆ ತಿಳಿಯುತ್ತಿತ್ತು. ಮೋಸ ಮಾಡಿದವಳು ನಾನೇ ಆಗಿರಲಿ. ಅಜ್ಜಿಗಾಗಲಿ, ಬೇರೆ ಯಾರಿಗಾಗಲಿ, ಇದನ್ನು ಎಂದೂ ಹೇಳಬಾರದೆಂದು ನಿರ್ಧರಿಸಿದೆ.