ಸಡಿಲ ಬಿಟ್ಟ ಬೋಲ್ಟು

ಹಲ್ಲಿನ ಡಾಕ್ಟರು ಮೊದಲ ಸಲ ಗ್ಯಾರೇಜಿನೊಳಗೆ ಕಾಲಿಟ್ಟಾಗ ಅಲ್ಲಿದ್ದ ಹುಡುಗಿಯ ಬಾಯಿ ತುಂಬ ಗುಂಡುಸೂಜಿಗಳಿದ್ದವು. ಬಾಗಿಲು ಕಳಚಿಟ್ಟಿದ್ದ ಒಂದು ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತು ಬಟ್ಟೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದಳು. ಡಾಕ್ಟರು ಅವಳನ್ನು ಕಾರಿನ ಒಡತಿಯೆಂದೇ ತಿಳಿದರು. ಇಲ್ಲಿ ಕೆಲಸ ಚೆನ್ನಾಗಿ ಮಾಡುತ್ತಾರೆಯೇ ಎಂದು ಕೇಳಿದರು. ಅವಳು ಸೂಜಿ ಕಚ್ಚಿಕೊಂಡೇ ತಲೆಯಾಡಿಸಿದಳು.

"ಬಾಯಿ ತೆಗೆಯೋಕೆ ಕಷ್ಟ ಆಗ್ತಿದೆಯಾ? ಹಲ್ಲು ನೋವಾ?" ಎಂದರು ಡಾಕ್ಟರು.

ಅದೇ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ವೈರು ಎಳೆಯುತ್ತಿದ್ದವನಿಗೆ ನಗು ತಡೆಯಲಾಗಲಿಲ್ಲ. ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಕಾಲು ಮಾತ್ರ. ಆ ಕಾಲುಗಳು ಕುಲುಕಾಡಿದ್ದನ್ನು ನೋಡಿ ಅವಳು ಸೂಜಿಗಳನ್ನು ಅಂಗೈಗೆ ಉಗಿದುಕೊಂಡಳು.

"ನಾನು ಇಲ್ಲಿ ಸೀಟು ಹೊಲಿಯೋಳು. ಆ ಕಾಲು ನಮ್ಮ ಎಲೆಕ್ಟ್ರಿಷಿಯನ್. ಮುಖ ಬೇಕಿದ್ರೆ ಸ್ವಲ್ಪ ಕಾಯ್ಬೇಕು."

ಡಾಕ್ಟರು ಮನಸಾರೆ ನಕ್ಕರು. ಅವಳೂ ನಕ್ಕಳು. ಅವಳ ನಗುವಿನಲ್ಲಿ ಎಡಗೆನ್ನೆ ಮೊದಲು ಏಳುತ್ತದೆ, ಬಲಗೆನ್ನೆ ಒಂದು ಕ್ಷಣ ತಡವಾಗಿ ಬಂದು ಸೇರುತ್ತದೆ ಎಂಬುದು ಆ ಎಲೆಕ್ಟ್ರಿಷಿಯನ್‌ಗೆ ಬಾಯಿಪಾಠ. ಆದರೆ ಆ ಸಲ ಅವನು ವೈರುಗಳ ಗೋಜಲಿನ ಕೆಳಗೆ ಮಲಗಿದ್ದ. ನಗು ಕೇಳಿಸಿತು; ನೋಡಲು ಸಿಕ್ಕಿದ್ದು ಇನ್ನೊಬ್ಬರಿಗೆ.

ಗ್ಯಾರೇಜು ಅವಳ ಚಿಕ್ಕಪ್ಪನದು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸಾಕಿದವರು ಅವರೇ. ಯಾವ ಕೆಲಸದಲ್ಲೂ ನಿಲ್ಲದೆ ಅಲೆಯುತ್ತಿದ್ದ ಇವನನ್ನು ಎದುರಿಗೆ ಕೂರಿಸಿಕೊಂಡು ವೈರಿಂಗ್ ಕಲಿಸಿದವರೂ ಅವರೇ. ಸಣಕಲಾಗಿ ಉದ್ದಕ್ಕಿದ್ದ ಅವನಿಗೆ 'ತಂತಿ' ಎಂದು ಹೆಸರು ಬಿದ್ದದ್ದು ಚಿಕ್ಕಪ್ಪನ ಬಾಯಿಂದ. ಅವಳನ್ನು 'ಸೂಜಿ' ಎಂದು ಕರೆಯತೊಡಗಿದವನು ತಂತಿ. ಹೊಲಿಯುತ್ತಾಳೆ ಎಂದಷ್ಟೇ ಅಲ್ಲ, ಮಾತೂ ಹಾಗೇ ಇತ್ತು.

ಹಳೆಯ ಕಾರು, ಹಳೆಯ ಲಾರಿಗಳಿಗೆ ಯಾರ ಕಣ್ಣಿಗೂ ಬೀಳದಂತೆ ಹೊಸ ಸ್ಟೀರಿಯೋ ಕೂರಿಸುವುದರಲ್ಲಿ ಆ ಗ್ಯಾರೇಜಿನದು ಎತ್ತಿದ ಕೈ. ಗಾಡಿಯೊಂದಿಗೇ ಬಂದ ಹಳೆಯ ರೇಡಿಯೋ ಅದರ ಜಾಗದಲ್ಲಿ ಹಾಗೇ ಇರಬೇಕು, ಹಾಡು ಮಾತ್ರ ಇಂದಿನ ಸೆಟ್ಟಿನಿಂದ ಬರಬೇಕು. ಎಲ್ಲೂ ಒಂದು ಹೊಸ ತೂತು ಕೊರೆಯುವಂತಿಲ್ಲ. ತಂತಿ ಸ್ಪೀಕರುಗಳನ್ನು ಸೀಟಿನ ಬೆನ್ನಿನೊಳಗೆ, ಕಾಲಿಡುವ ಜಾಗದ ಪಕ್ಕದ ಹಲಗೆಯ ಹಿಂದೆ ಅಡಗಿಸುತ್ತಿದ್ದ. ಸೂಜಿ ಅದರ ಮೇಲೆ ದನಿ ಹಾಯುವಷ್ಟು ತೆಳ್ಳನೆಯ, ಆದರೆ ಹಳೆಯದೇ ಎನ್ನುವಂಥ ಬಟ್ಟೆ ಹೊದಿಸುತ್ತಿದ್ದಳು.

ಒಂದೊಂದು ಗಾಡಿ ಮುಗಿದಾಗಲೂ ಇಬ್ಬರಿಗೂ ಒಂದು ಆಟ. ಅವಳು ಕಣ್ಣು ಮುಚ್ಚಿ ಕೂರಬೇಕು, ಅವನು ಹಾಡು ಹಾಕಬೇಕು, ಸೆಟ್ಟನ್ನು ಎಲ್ಲಿ ಅಡಗಿಸಿದ್ದಾನೆಂದು ಅವಳು ಕೈಯಾಡಿಸಿ ಹುಡುಕಬೇಕು. ಅವಳು ಸೋತದ್ದೇ ಇಲ್ಲ. ಒಮ್ಮೆ ಮಾತ್ರ ಅವಳ ಬೆರಳುಗಳು ಸೆಟ್ಟಿನ ಬದಲು ಅವನ ಮಣಿಕಟ್ಟಿನ ಮೇಲೆ ಬಿದ್ದವು. ಬಿದ್ದವು, ಅಲ್ಲೇ ನಿಂತವು.

"ಬಿಸಿಯಾಗಿದೆ. ಆಂಪ್ಲಿಫೈಯರ್ ಇರ್ಬೇಕು," ಎಂದಳು, ಕಣ್ಣು ತೆರೆಯದೆ.

"ತುಂಬಾ ಹೊತ್ತು ಹಿಡ್ಕೋಬೇಡ. ಸುಟ್ಟುಹೋಗುತ್ತೆ."

"ಯಾರು, ನಾನಾ ಅದಾ?"

ಮುಚ್ಚಿದ ರೆಪ್ಪೆಗಳು ನಗುವಿಗೆ ನಡುಗುತ್ತಿದ್ದವು. ಅವಳು ಕಾಯುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ನಾಲಿಗೆಯ ತುದಿಗೆ ಬಂದ ಮಾತನ್ನು ಅವನು ನುಂಗಿಕೊಂಡ. ಅನ್ನದ ದಾರಿ ತೋರಿಸಿದ ಮನೆ. ಆ ಮನೆಯ ಹುಡುಗಿ. ಆ ಕಾರಣವೂ ಪೂರ್ತಿ ನಿಜವಲ್ಲ. ಕೇಳಿದರೆ ಅವಳು ಇಲ್ಲ ಎನ್ನಬಹುದು, ಕೇಳದಿದ್ದರೆ ಇಲ್ಲ ಎನ್ನುವ ಹಾಗಿಲ್ಲ. ಈ ಲೆಕ್ಕ ಅವನಿಗೆ ಹಿತವಾಗಿತ್ತು. ಅವಳು ಕೈ ತೆಗೆದು, ಸೆಟ್ಟು ಕೈಗೆ ಸಿಗಲಿಲ್ಲ ಎಂದು ಆ ದಿನದ ಸೋಲನ್ನು ಒಪ್ಪಿಕೊಂಡಳು.

ಡಾಕ್ಟರ ಕಾರು ಅವರ ತಾತನ ಕಾಲದ್ದು. ಕೆನೆಬಣ್ಣದ, ಮೈತುಂಬಿದ, ಗುಂಡನೆಯ ದೀಪಗಳ ಗಾಡಿ. ಅದರಲ್ಲಿ ಹಾಡು ಕೇಳುತ್ತ ಒಂದು ಸುತ್ತು ಹೋಗಬೇಕೆಂಬುದು ಅವರ ತಾಯಿಯ ಆಸೆ. ರೋಗಿಗಳ ಮಧ್ಯೆ ಬಿಡುವಾದಾಗಲೆಲ್ಲ ಡಾಕ್ಟರು ಗ್ಯಾರೇಜಿಗೆ ಬರುತ್ತಿದ್ದರು. ಬಟ್ಟೆಯ ಚೂರುಗಳನ್ನು ಸೀಟಿನ ಮೇಲೆ ಹರವಿ, ಯಾವುದು ಮಾಸಿದ ಕಂದು, ಯಾವುದು ಕೊಳೆಯಾದ ಕಂದು ಎಂದು ಅವಳೊಂದಿಗೆ ಚರ್ಚೆಗೆ ಕೂರುತ್ತಿದ್ದರು. ತಂತಿಗೆ ಅವರನ್ನು ದ್ವೇಷಿಸುವ ಆಸೆ ಬಹಳವಿತ್ತು. ಆಗಲಿಲ್ಲ. ಅವರು ಅವನ ಹೆಸರು ಹಿಡಿದು ಮಾತಾಡಿಸುತ್ತಿದ್ದರು, ಕಾಲು ತುಳಿದರೆ ಕ್ಷಮೆ ಕೇಳುತ್ತಿದ್ದರು, ಅವನ ಅರೆಮುರಿದ ದವಡೆಹಲ್ಲನ್ನು ಗ್ಯಾರೇಜಿನ ಟಾರ್ಚಿನಲ್ಲೇ ನೋಡಿ ಔಷಧಿ ಕೊಟ್ಟಿದ್ದರು.

ಒಂದು ದಿನ ಚಿಕ್ಕಪ್ಪ ಟೀ ಲೋಟ ಹಿಡಿದು ಬಂದು ಅವನ ಪಕ್ಕ ಕೂತರು. ಮುಖ ಅರಳಿತ್ತು. ಡಾಕ್ಟರು ಸೂಜಿಯನ್ನೇ ನೇರವಾಗಿ ಕೇಳಿದ್ದರಂತೆ, ಆಮೇಲೆ ತಾಯಿಯನ್ನು ಕರೆದುಕೊಂಡು ಮನೆಗೂ ಬಂದಿದ್ದರಂತೆ. ತಂತಿ ವೈರಿನ ಸಿಪ್ಪೆ ಸುಲಿಯುತ್ತಲೇ, ಅವಳು ಏನಂದಳು ಎಂದು ಕೇಳಿದ.

"ಕಾರು ಮುಗೀಲಿ ಚಿಕ್ಕಪ್ಪ, ಆಮೇಲೆ ಹೇಳ್ತೀನಿ ಅಂದ್ಲು. ಆ ಕಾರಿಗೂ ಇವಳ ಮದ್ವೆಗೂ ಏನಯ್ಯಾ ಸಂಬಂಧ? ನೀನು ಬೇಗ ಮುಗಿಸು."

ಸುಲಿಯಬೇಕಾದದ್ದಕ್ಕಿಂತ ಎರಡರಷ್ಟು ಉದ್ದ ಸುಲಿದುಹೋಗಿತ್ತು.

ಕಾರು ಹೆಚ್ಚು ಕಡಿಮೆ ಮುಗಿದಿತ್ತು. ಉಳಿದದ್ದು ಹಿಂದಿನ ಸೀಟಿನ ಕೆಳಗಿನ ಆಂಪ್ಲಿಫೈಯರಿಗೆ ಅರ್ತ್ ವೈರು ಕೂರಿಸುವುದು. ಗಾಡಿಯ ತಗಡಿನ ಬಣ್ಣವನ್ನು ಒಂದು ನಾಣ್ಯದಗಲ ಕೆರೆದು, ಲೋಹ ಹೊಳೆಯುವಂತೆ ಉಜ್ಜಿ, ಬೋಲ್ಟು ಹಾಕಿ ಬಿಗಿಯಬೇಕು. ಅಲ್ಲಿ ಸಡಿಲವಾದರೆ ಎಂಜಿನ್ನಿನ ಗೊಣಗಾಟವೆಲ್ಲ ಸ್ಪೀಕರಿಗೆ ನುಗ್ಗುತ್ತದೆ. ಹಾಡಿನ ಹಿಂದೆ ಗುಂಯ್ ಎನ್ನುವ ಒಂದು ಸ್ವರ. ಗಾಡಿ ವೇಗವಾದಂತೆ ಅದೂ ಏರುತ್ತದೆ. ಕಲಿಯುವವರು ಮೊದಲ ವಾರದಲ್ಲೇ ಕಲಿಯುವ ಪಾಠ.

ಆ ದಿನ ತಂತಿ ಬಣ್ಣ ಕೆರೆಯಲಿಲ್ಲ. ಬೋಲ್ಟನ್ನು ಬಣ್ಣದ ಮೇಲೆಯೇ ಇಟ್ಟು, ಬೆರಳಲ್ಲಿ ತಿರುಗಿಸಿ ಬಿಟ್ಟ.

ಗುಂಯ್ ಶುರುವಾಯಿತು. ಚಿಕ್ಕಪ್ಪ ಕೇಳಿದಾಗ ಡೈನಮೋ ನೋಡುತ್ತಿದ್ದೇನೆ ಎಂದ. ಡೈನಮೋ ಬಿಚ್ಚಿ ಕಟ್ಟಿದ ಮೇಲೆ, ವೈರಿನ ದಾರಿ ಬದಲಿಸಬೇಕು ಎಂದ. ಬದಲಿಸಿದ. ಅಡಗಿಸಿದ್ದೆಲ್ಲವನ್ನೂ ಹೊರತೆಗೆದು ಮತ್ತೆ ಅಡಗಿಸಿದ. ಡಾಕ್ಟರು ಅವಸರವಿಲ್ಲ ಎಂದರು. ಗುಂಯ್ ಇರುವಷ್ಟು ದಿನ ಅವಳು ಉತ್ತರ ಹೇಳುವಂತಿಲ್ಲ. ಆ ಸದ್ದಿನ ನೆರಳಿನಲ್ಲಿ ಅವನು ಹಾಯಾಗಿದ್ದ. ಅವಳೂ ವಿಚಿತ್ರವಾಗಿ ಗೆಲುವಾಗಿದ್ದಳು. ಬೇಕಿಲ್ಲದ ಕಡೆ ಬಂದು ನಿಲ್ಲುತ್ತಿದ್ದಳು. "ಇನ್ನೂ ಸಿಕ್ಕಿಲ್ವಾ ತಂತಿ?" ಎಂದು ಕೇಳಿ, ಅವನು ಇಲ್ಲ ಎಂದಾಗ ಎಡಗೆನ್ನೆಯಲ್ಲಿ ಮಾತ್ರ ನಕ್ಕು ಹೋಗುತ್ತಿದ್ದಳು. ಬಲಗೆನ್ನೆಯನ್ನು ಯಾವುದಕ್ಕೋ ತೆಗೆದಿಟ್ಟ ಹಾಗೆ.

ಒಂದು ಬೆಳಗ್ಗೆ ಡಾಕ್ಟರು ತಾಯಿಯನ್ನು ಕರೆತಂದರು. ಆಕೆ ಹಿಂದಿನ ಸೀಟಿನಲ್ಲಿ ಕೂತು ಬಟ್ಟೆ ಸವರಿ ಮೆಚ್ಚಿದರು. ತಂತಿ ಎಂಜಿನ್ ಚಾಲೂ ಮಾಡಿ ಹಾಡು ಹಾಕಿದ. ಗುಂಯ್ ಬಂತು. ಆಕೆ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು. ತುಂಬ ಮೃದುವಾಗಿ ಮಗನಿಗೆ ಹೇಳಿದರು:

"ಪಾಪ, ಎಷ್ಟು ದಿನದಿಂದ ಒದ್ದಾಡ್ತಿದ್ದಾನೆ. ಅವನ ಕೈಲಿ ಆಗಲ್ಲ, ಬಿಡಪ್ಪ. ಬೇರೆ ಕಡೆ ತೋರಿಸೋಣ."

ತಂತಿಗೆ ಕಿವಿಯ ತುದಿಯವರೆಗೆ ಬಿಸಿಯೇರಿತು. ಈ ಊರಿನಲ್ಲಿ ಯಾರೂ ಅವನಿಗೆ ಆ ಮಾತು ಹೇಳಿರಲಿಲ್ಲ. ಅಮ್ಮ, ಒಂದು ನಿಮಿಷ ಇಳಿಯಿರಿ ಎಂದ. ಸೀಟು ಎತ್ತಿದ. ಕೆರೆದ, ಉಜ್ಜಿದ, ಬಿಗಿದ. ಸೀಟು ಮುಚ್ಚಿ ಹಾಡು ಹಾಕಿ, ಎಂಜಿನ್ನನ್ನು ಬೇಕೆಂದೇ ಜೋರಾಗಿ ಏರಿಸಿದ. ಹಾಡು ನೀರಿನಂತೆ ತಿಳಿಯಾಗಿ ಹರಿಯಿತು. ಅದರ ಹಿಂದೆ ಏನೂ ಇರಲಿಲ್ಲ.

ಆಕೆ ಕೈ ಜೋಡಿಸಿ ಸಂತೋಷಪಟ್ಟರು. ತಂತಿ ಶಭಾಷ್‌ಗಿರಿಗೆ ಮುಖವೊಡ್ಡಿದವನ ಹಾಗೆ ನಗುತ್ತ ತಿರುಗಿದ. ಹೊಲಿಗೆ ಕೋಣೆಯ ಬಾಗಿಲಲ್ಲಿ ಸೂಜಿ ನಿಂತಿದ್ದಳು. ಕೈಯಲ್ಲಿ ಅರ್ಧ ಹೊಲಿದ ತಲೆದಿಂಬು. ಅವಳು ಹಾಡು ಕೇಳುತ್ತಿರಲಿಲ್ಲ. ಹಾಡಿನ ಹಿಂದಿನ ಆ ಖಾಲಿಯನ್ನು ಕೇಳುತ್ತಿದ್ದಳು. ಅವನ ನಗು ಮುಖದ ಮೇಲೆ ಅರ್ಧಕ್ಕೇ ನಿಂತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಒಣಗಿತು.

ಸಂಜೆಗೆ ಅವಳು ಚಿಕ್ಕಪ್ಪನಿಗೆ ಒಪ್ಪಿಗೆ ಹೇಳಿದಳು.

ಗಾಡಿ ಒಪ್ಪಿಸುವ ಮೊದಲು ಇಬ್ಬರೂ ಒಂದು ಸುತ್ತು ಹೋಗಿ ಬರುವುದು ವಾಡಿಕೆ. ಅವನು ಓಡಿಸಬೇಕು, ಅವಳು ಹಿಂದೆ ಕೂತು ಎಲ್ಲಾದರೂ ಅಲುಗಾಟ, ಕಿರುಗುಟ್ಟುವಿಕೆ ಇದೆಯೇ ಎಂದು ಕಿವಿಗೊಡಬೇಕು. ಮಾರನೆಯ ಮಧ್ಯಾಹ್ನ ಹೊರಟರು. ಪಟ್ಟಣ ದಾಟಿ, ನೀರಿನ ಟ್ಯಾಂಕಿನ ಪಕ್ಕದ ಉದ್ದನೆಯ ರಸ್ತೆಗೆ ಬಂದರು. ಸೀಟು ಸರಿಯಾಗಿದೆಯಾ ಎಂದು ಅವನು ಕೇಳಿದ.

"ಎಲ್ಲಾ ಸರಿಯಾಗಿದೆ. ನೀವು ಸ್ವಲ್ಪ ನಿಧಾನ ಹೋಗಿ."

ಅವನು ಗಾಡಿಯನ್ನು ಬದಿಗೆ ನಿಲ್ಲಿಸಿದ.

"ನಾನು ಯಾವಾಗಿಂದ 'ನೀವು' ಆದೆ?"

"ಬೋಲ್ಟು ಬಿಗಿ ಮಾಡಿದಾಗಿಂದ."

ಅವನು ತಲೆಯೆತ್ತಿ ನೋಡಿದ. ಎದುರಿನ ಕನ್ನಡಿಯಲ್ಲಿ ಅವಳ ಕಣ್ಣುಗಳಷ್ಟೇ ಕಾಣುತ್ತಿದ್ದವು.

"ಕವರ್ ಹಾಕೋಕೆ ಸೀಟು ಎತ್ತಿದಾಗ್ಲೇ ನೋಡಿದ್ದೆ," ಎಂದಳು. "ಬೋಲ್ಟನ್ನ ನೀನು ಬಣ್ಣದ ಮೇಲೇ ಇಟ್ಟಿದ್ದೆ. ಬೆರಳಲ್ಲಿ ತಿರುಗಿಸಿದ್ರೆ ತಿರುಗ್ತಿತ್ತು. ನೀನು ನಿದ್ದೇಲೂ ಅಂಥ ಕೆಲಸ ಮಾಡೋನಲ್ಲ. ಯಾಕೆ ಮಾಡಿದ್ದೀಯ ಅಂತ ಗೊತ್ತಾಯ್ತು. ಅಲ್ಲೇ ಕೂತು ಅತ್ತುಬಿಟ್ಟೆ, ಖುಷಿಗೆ. ಇನ್ನು ನೀನು ಬಾಯಿ ಬಿಡೋದೊಂದು ಬಾಕಿ ಅಂದ್ಕೊಂಡೆ."

"ನೀನಾದ್ರೂ ಕೇಳ್ಬಹುದಿತ್ತು."

"ದಿನಾ ಕೇಳ್ತಿದ್ದೆ. ಸಿಕ್ತಾ, ಸಿಕ್ತಾ ಅಂತ."

ಅವನು ಸ್ಟೀರಿಂಗಿನ ಮೇಲೆ ಹಣೆಯಿಟ್ಟ. ಡಾಕ್ಟರ ಅಮ್ಮ ನನ್ನ ಕೈಲಾಗಲ್ಲ ಎಂದುಬಿಟ್ಟರು, ತಡೆದುಕೊಳ್ಳಲು ಆಗಲಿಲ್ಲ ಎಂದ. ಆಡಿದ ಮೇಲೆ ಆ ಮಾತು ಎಷ್ಟು ಚಿಕ್ಕದೆಂದು ಅವನಿಗೇ ಕೇಳಿಸಿತು.

"ಗೊತ್ತು," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. "ನಾನು ಬೇರೆಯವರ ಮನೆಗೆ ಹೋಗೋ ಮಾತು ಬಂದಾಗ ನೀನು ತಡ್ಕೊಂಡೆ. ಕೆಲಸ ಬರಲ್ಲ ಅಂದಾಗ ತಡ್ಕೊಳ್ಳೋಕೆ ಆಗ್ಲಿಲ್ಲ."

ಅವನು ಆಗ ಹೇಳಿದ. ಇಷ್ಟು ವರ್ಷ ಹೇಳದೇ ಇದ್ದದ್ದನ್ನೆಲ್ಲ ಹೇಳಿದ. ಅವಳು ಬೇಕು ಎಂದ, ಅವಳಿಲ್ಲದ ಗ್ಯಾರೇಜಿನಲ್ಲಿ ತನಗೆ ಕೈಯೇ ಓಡುವುದಿಲ್ಲ ಎಂದ, ಈಗಲೇ ಹೋಗಿ ಚಿಕ್ಕಪ್ಪನ ಕಾಲು ಹಿಡಿಯುತ್ತೇನೆ ಎಂದ. ಮಾತು ತಡವರಿಸಿತು, ಹಿಂದು ಮುಂದಾಯಿತು. ಅವಳು ಮಧ್ಯೆ ಬಾಯಿ ಹಾಕದೆ, ಒಂದು ಪದವನ್ನೂ ಬಿಡದೆ ಕೇಳಿಸಿಕೊಂಡಳು. ಕನ್ನಡಿಯಲ್ಲಿ ಆ ಕಣ್ಣುಗಳು ತುಂಬಿ, ಒಂದು ಹನಿ ಅವಳೇ ಹೊಲಿದ ಬಟ್ಟೆಯ ಮೇಲೆ ಬಿತ್ತು. ಅದನ್ನು ಅವಳು ಅಭ್ಯಾಸಬಲದಿಂದ ಕೂಡಲೇ ಒರೆಸಿದಳು.

"ಇದನ್ನ ಕೇಳೋಕೇ ಅಲ್ವಾ ನಾನು ಅಷ್ಟು ಸಲ ಕಣ್ಣು ಮುಚ್ಚಿ ಕೂತಿದ್ದು," ಎಂದಳು. "ಚಿಕ್ಕಪ್ಪ ಒಪ್ಪಿದ್ರೂ ಒಪ್ಬಹುದು. ನನ್ನಿಂದ ಆಗಲ್ಲ, ತಂತಿ. ನೀನು ಸುಮ್ನೆ ಕೂತಾಗೆಲ್ಲ ಏನನ್ನ ಎಲ್ಲಿ ಬಚ್ಚಿಟ್ಟಿದ್ದೀಯ ಅಂತ ಹುಡುಕ್ತಾ ಬದುಕಬೇಕಲ್ಲ. ಸುಸ್ತಾಗಿದೆ ನಂಗೆ. ಡಾಕ್ಟ್ರು ಎದುರಿಗೆ ನಿಂತು ಕೇಳಿದ್ರು. ನಾನು ಇಲ್ಲ ಅಂದಿದ್ರೆ ಅವರಿಗೆ ಎಷ್ಟು ಅವಮಾನ! ಆದ್ರೂ ಕೇಳಿದ್ರು."

"ಅವರ ಮೇಲೆ ಪ್ರೀತಿ ಇದೆಯಾ?"

ಅವಳು ಹೊರಗಿನ ಬಿಸಿಲಿನತ್ತ ಮುಖ ತಿರುಗಿಸಿದಳು.

"ಬರುತ್ತೆ. ಗಾಡಿ ತಿರುಗಿಸು, ಚಿಕ್ಕಪ್ಪ ಕಾಯ್ತಿರ್ತಾರೆ."

ಮಾತಿನ ನಡುವೆ ಎಂದೋ ಮತ್ತೆ ಏಕವಚನಕ್ಕೆ ಬಂದಿದ್ದಳು. ಆ ಮನೆಯಿಂದ ಅವನ ಪಾಲಿಗೆ ದಕ್ಕಿದ್ದು ಅಷ್ಟೇ.

ಗ್ಯಾರೇಜಿನ ಮುಂದೆ ಡಾಕ್ಟರು ಮತ್ತು ಅವರ ತಾಯಿ ಬಂದು ನಿಂತಿದ್ದರು. ಆಕೆ ಸೂಜಿಯನ್ನು ಇಳಿಯಲು ಬಿಡದೆ, ನೀನೂ ಬಾರಮ್ಮ ಎಂದು ಪಕ್ಕಕ್ಕೆ ಸರಿಸಿ ತಾವೂ ಹಿಂದೆ ಕೂತರು. ತಂತಿ ಇಳಿದು ಕಿಟಕಿಗೆ ಬಾಗಿ, ಸ್ಟೀರಿಂಗಿಗೆ ಕೂತ ಡಾಕ್ಟರಿಗೆ ಒಂದೊಂದಾಗಿ ತೋರಿಸಿದ. ಹಳೆಯ ರೇಡಿಯೋದ ಎಡಗಡೆ ಗುಬಟು ತಿರುಗಿಸಿದರೆ ಹೊಸ ಸೆಟ್ಟು ಏಳುತ್ತದೆ, ಬಲಗಡೆಯದು ದನಿಗೆ, ಫ್ಯೂಸು ಇಲ್ಲಿದೆ, ಸ್ಪೀಕರುಗಳು ಅಲ್ಲಿವೆ, ಬಟ್ಟೆಯನ್ನು ನೀರಿನಲ್ಲಿ ಒರೆಸಬೇಡಿ. ಡಾಕ್ಟರು ಬೆರಗಾಗಿ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು.

"ಇನ್ನೇನಾದ್ರೂ ಬಚ್ಚಿಟ್ಟಿದ್ದೀರಾ? ಈಗಲೇ ಹೇಳಿಬಿಡಿ," ಎಂದು ನಕ್ಕರು.

ಹಿಂದಿನ ಸೀಟಿನಲ್ಲಿ ಅವಳು ತಲೆಯೆತ್ತಲಿಲ್ಲ.

"ಇಲ್ಲ ಸರ್. ಎಲ್ಲಾ ತೋರಿಸಿಬಿಟ್ಟೆ."

ಕೆನೆಬಣ್ಣದ ಕಾರು ಹಾಡುತ್ತ ರಸ್ತೆಗಿಳಿದು, ತಿರುವಿನಲ್ಲಿ ಮರೆಯಾಯಿತು. ಚಿಕ್ಕಪ್ಪ ಕಣ್ಣೊರೆಸಿಕೊಂಡು ಅವನ ಹೆಗಲ ಮೇಲೆ ಕೈ ಹಾಕಿದರು. ಎಷ್ಟು ಹುಡುಕಿದರೂ ನಿನ್ನಂಥ ಕೆಲಸಗಾರ ಸಿಗುವುದಿಲ್ಲ ಕಣಯ್ಯಾ ಎಂದರು. ಅವರ ಬಾಯಿಂದ ಆ ಮಾತು ಅದುವರೆಗೆ ಒಮ್ಮೆಯೂ ಬಂದಿರಲಿಲ್ಲ. ತಂತಿ ಎಣ್ಣೆಬಟ್ಟೆಯಲ್ಲಿ ಕೈ ಒರೆಸುತ್ತ, ತಲೆ ತಗ್ಗಿಸಿ ಅದನ್ನು ಕೊನೆಯವರೆಗೂ ಕೇಳಿಸಿಕೊಂಡ.